ಸೂಜಿ ದವಾಖಾನೆಯದ್ದು, ಲೆಕ್ಕ ತಾಯಿಯದ್ದು

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ಕನ್ನಡ ಮಾತಾಡುವವರು ಕಡಿಮೆಯೇನಿಲ್ಲ. ತಲೆಮಾರುಗಳಿಂದ ಮಗ್ಗ ನಂಬಿಕೊಂಡ ದೇವಾಂಗರಿದ್ದಾರೆ, ಒಕ್ಕಲುತನದ ಕುಟುಂಬಗಳಿವೆ, ಚಾಮರಾಜನಗರ ಕಡೆಯಿಂದ ಬನಿಯನ್ ಕಂಪನಿ ಕೆಲಸಕ್ಕೆಂದು ಹೋದವರಿದ್ದಾರೆ. ಇಂಥ ಮನೆಯ ಎಂಟು ವರ್ಷದ ಮಗುವಿಗೆ ಸಕ್ಕರೆ ಕಾಯಿಲೆ ಎಂದು ಡಾಕ್ಟರು ಹೇಳಿದರೆ ಮೊದಲು ಬರುವ ಪ್ರಶ್ನೆ ಒಂದೇ: 'ಮಕ್ಕಳಿಗೂ ಸಕ್ಕರೆ ಕಾಯಿಲೆ ಬರ್ತದಾ ಸಾರ್?'

ಬರುತ್ತದೆ. ಟೈಪ್ 1 ಎಂಬ ಈ ಬಗೆಯಲ್ಲಿ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ದೇಹವೇ ನಾಶ ಮಾಡುತ್ತದೆ. ಸಿಹಿ ತಿಂದದ್ದಕ್ಕೂ ಇದಕ್ಕೂ ಸಂಬಂಧವಿಲ್ಲ, ತಾಯಿಯ ತಪ್ಪಂತೂ ಅಲ್ಲವೇ ಅಲ್ಲ. ಮಾತ್ರೆ, ಕಷಾಯ ನಡೆಯುವುದಿಲ್ಲ. ಬದುಕಿರುವವರೆಗೆ ಇನ್ಸುಲಿನ್ ಬೇಕು. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊದಲ್ಲಿ 14 ವರ್ಷದ ಹುಡುಗನಿಗೆ ಮೊದಲ ಸೂಜಿ ಚುಚ್ಚುವವರೆಗೆ ಈ ರೋಗ ಬಂದ ಮಕ್ಕಳು ಉಳಿಯುತ್ತಿರಲಿಲ್ಲ.

ಈಗ ಉಳಿಯುತ್ತಾರೆ. ಆದರೆ ಉಳಿಸುವವರು ಯಾರು ಎಂಬ ಲೆಕ್ಕ ಹಾಕಿ ನೋಡಬೇಕು. ಮೂರು ತಿಂಗಳಿಗೊಮ್ಮೆ ಡಾಕ್ಟರ ಭೇಟಿ, ಪ್ರತಿ ಸಲ ಕಾಲು ಗಂಟೆ ಎಂದರೂ ವರ್ಷಕ್ಕೆ ಒಂದು ಗಂಟೆ. ಉಳಿದ 8,759 ಗಂಟೆ ಮನೆಯವರದ್ದು. ದಿನಕ್ಕೆ ನಾಲ್ಕು ಸೂಜಿಯಂತೆ ವರ್ಷಕ್ಕೆ 1,460. ಬೆರಳು ಚುಚ್ಚಿ ರಕ್ತ ನೋಡುವುದೂ ಹೆಚ್ಚು ಕಡಿಮೆ ಅಷ್ಟೇ ಸಲ. ಇಡ್ಲಿ ಎರಡಾದರೆ ಎಷ್ಟು ಯೂನಿಟ್, ಮಗು ಆಟಕ್ಕೆ ಹೊರಟರೆ ಎಷ್ಟು ಇಳಿಸಬೇಕು, ಜ್ವರ ಬಂದರೆ ಹೇಗೆ? ತೀರ್ಮಾನ ಮಾಡುವವಳು ಹೊಲಿಗೆ ಮಿಷನ್ ಮುಂದಿನಿಂದ ಎದ್ದು ಬಂದ ತಾಯಿ. ಇದನ್ನು 'ಸಹಕಾರ' ಎಂದು ಕರೆಯುವುದು ಕಮ್ಮಿಯಾಯಿತು. ಚಿಕಿತ್ಸೆ ಮಾಡುವವಳೇ ಅವಳು.

ಹಾಗಿದ್ದರೆ ಅವಳಿಗೆ ತರಬೇತಿ ಯಾವ ಭಾಷೆಯಲ್ಲಿ ಸಿಗುತ್ತಿದೆ? ಹಳೆಯ ನೇಕಾರ ಕುಟುಂಬಗಳು ಮನೆಯಲ್ಲಿ ಕನ್ನಡ ಆಡಿದರೂ ತಮಿಳು ಓದಬಲ್ಲವು. ಹೊಸದಾಗಿ ಹೋದ ತಾಯಿಗೆ ತಮಿಳು ಅಂಗಡಿಯಲ್ಲಿ ಸಾಲುವಷ್ಟು ಬರುತ್ತದೆ, ಚೀಟಿ ಓದುವಷ್ಟು ಬರುವುದಿಲ್ಲ. ಇಂಗ್ಲಿಷ್ ದೂರದ ಮಾತು. 'ತಿಳೀತಾಮ್ಮ?' ಎಂದರೆ ತಲೆಯಾಡಿಸುತ್ತಾಳೆ. ಇಲ್ಲವೆನ್ನಲು ಸಂಕೋಚ, ಹಿಂದೆ ಇನ್ನೂ ಐವತ್ತು ಜನ ನಿಂತಿರುತ್ತಾರೆ.

ಈ ತಲೆಯಾಡಿಸುವಿಕೆ ಜೀವಕ್ಕೆ ಕುತ್ತಾಗಬಹುದು. ನಮ್ಮ ದೇಶದಲ್ಲಿ ಇನ್ಸುಲಿನ್ ಸೀಸೆ ಎರಡು ಬಗೆ: ಮಿಲಿಲೀಟರಿಗೆ 40 ಯೂನಿಟ್ಟಿನದು, 100 ಯೂನಿಟ್ಟಿನದು. ಮೊದಲನೆಯದಕ್ಕೆ ಕೆಂಪು ಮುಚ್ಚಳದ ಸಿರಿಂಜು, ಎರಡನೆಯದಕ್ಕೆ ಕಿತ್ತಳೆ ಬಣ್ಣದ್ದು. 100ರ ಔಷಧವನ್ನು 40ರ ಸಿರಿಂಜಿನಲ್ಲಿ ಎಳೆದರೆ ಎರಡೂವರೆ ಪಟ್ಟು ಒಳಗೆ ಹೋಗುತ್ತದೆ. ಸೀಸೆ ಬದಲಾದ ದಿನ ಇದನ್ನು ಅವಳ ಭಾಷೆಯಲ್ಲಿ ಹೇಳಿ, ಅವಳ ಕೈಯಲ್ಲೇ ಒಮ್ಮೆ ಎಳೆಸಿ ನೋಡದಿದ್ದರೆ ದವಾಖಾನೆಯ ಕೆಲಸ ಅರ್ಧಕ್ಕೇ ನಿಂತಂತೆ.

ಇನ್ನು ಶಾಲೆ. ತಮಿಳುನಾಡು ಸರಕಾರ 2022ರಲ್ಲಿ ಆರಂಭಿಸಿದ ಬೆಳಗಿನ ಉಪಾಹಾರ ಯೋಜನೆ ದುಡಿಯುವ ತಾಯಂದಿರಿಗೆ ದೊಡ್ಡ ಆಸರೆ, ಅನುಮಾನವಿಲ್ಲ. ಆದರೆ ಈ ಮಗುವಿನ ಲೆಕ್ಕ ಬೇರೆ. ಸೂಜಿ ಮನೆಯಲ್ಲಿ ಆಗಿರುತ್ತದೆ, ತಿಂಡಿ ಶಾಲೆಯಲ್ಲಿ. ಉಪ್ಪಿಟ್ಟು ಸೇರದೆ ಮಗು ತಟ್ಟೆ ಸರಿಸಿತೆಂದರೆ ಎರಡನೇ ಪೀರಿಯಡ್ಡಿಗೆ ಬೆವರು, ನಡುಕ. ಸಕ್ಕರೆ 70ಕ್ಕಿಂತ ಕೆಳಗೆ ಬಂದರೆ ಕೂಡಲೇ ಸಕ್ಕರೆ ನೀರು ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಫೋನ್ ಮಾಡಬೇಕು. ಇಷ್ಟನ್ನು ಒಬ್ಬ ಟೀಚರಿಗೆ ಕಲಿಸಲು ಅರ್ಧ ಗಂಟೆ ಸಾಕು. ಪರೀಕ್ಷಾ ಕೊಠಡಿಗೆ ತಿನಿಸು ಒಯ್ಯಲು ಸಿಬಿಎಸ್‌ಇ 2017ರಲ್ಲೇ ಅನುಮತಿ ಕೊಟ್ಟಿತು. ತರಗತಿಯಲ್ಲಿ ರಕ್ತ ಪರೀಕ್ಷೆ, ಇನ್ಸುಲಿನ್‌ಗೆ ಅವಕಾಶ ಕೊಡಿ ಎಂದು ರಾಷ್ಟ್ರೀಯ ಮಕ್ಕಳ ಹಕ್ಕುಗಳ ಆಯೋಗ 2023ರಲ್ಲಿ ರಾಜ್ಯಗಳಿಗೆ ಬರೆಯಿತು. ಆ ಪತ್ರ ಹಳ್ಳಿ ಶಾಲೆಯ ಹೆಡ್‌ಮಾಸ್ತರರ ಮೇಜಿಗೆ ಬಂದರಲ್ಲವೇ ಪ್ರಯೋಜನ?

ದುಡ್ಡಿನ ಮಾತೂ ಇದೆ. ಇನ್ಸುಲಿನ್ ಸರಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಕ್ಕಿತು ಅನ್ನಿ. ರಕ್ತ ನೋಡುವ ಪಟ್ಟಿ ಒಂದಕ್ಕೆ ಇಪ್ಪತ್ತು ರೂಪಾಯಿ ಹಿಡಿದರೂ ದಿನಕ್ಕೆ ನಾಲ್ಕರಂತೆ ತಿಂಗಳಿಗೆ 2,400. ಒಂದು ಪಗಾರದ ಮನೆ ಮೊದಲು ಬಿಡುವುದು ಪಟ್ಟಿಯನ್ನೇ. ಪಟ್ಟಿಯಿಲ್ಲದೆ ಇನ್ಸುಲಿನ್ ಕೊಡುವುದೆಂದರೆ ಕತ್ತಲಲ್ಲಿ ತೂಕ ಮಾಡಿದ ಹಾಗೆ.

ಕೊಯಮತ್ತೂರಿನಲ್ಲೇ ಡಾ. ಕೃಷ್ಣನ್ ಸ್ವಾಮಿನಾಥನ್ ಅವರ 'ಇದಯಂಗಳ್' ಟ್ರಸ್ಟ್ ಬಡ ಮಕ್ಕಳಿಗೆ ಉಚಿತವಾಗಿ ಇನ್ಸುಲಿನ್ ಒದಗಿಸುತ್ತ ಬಂದಿದೆ. ಒಳ್ಳೆಯ ಕೆಲಸ. ಆದರೆ ಎರಡು ಜಿಲ್ಲೆಗಳ ಹೊರೆಯನ್ನು ಟ್ರಸ್ಟುಗಳ ಹೆಗಲಿಗೆ ಹಾಕಿ ಕೂರುವುದು ಸರಿಯಲ್ಲ. ಕೊಯಮತ್ತೂರಿನಲ್ಲಿ ಹಳೆಯ ಸರಕಾರಿ ವೈದ್ಯಕೀಯ ಕಾಲೇಜಿದೆ, ತಿರುಪ್ಪೂರಿನ ಹೊಸ ಕಾಲೇಜು 2022ರ ಜನವರಿಯಲ್ಲಿ ಉದ್ಘಾಟನೆಗೊಂಡಿತು. ಎರಡೂ ಕಡೆ ಈ ತಾಯಂದಿರಿಗಾಗಿ ಕನ್ನಡದಲ್ಲಿ ಒಂದು ಪುಟದ ಚೀಟಿ ಅಚ್ಚು ಹಾಕಿಸಬಹುದು: ಯಾವ ಮುಚ್ಚಳ, ಎಷ್ಟು ಯೂನಿಟ್, ಯಾವಾಗ ಓಡಿ ಬರಬೇಕು. ರಾತ್ರಿ ಎರಡು ಗಂಟೆಗೆ ಮಗು ವಾಂತಿ ಮಾಡಿಕೊಂಡರೆ ಆ ಚೀಟಿಯ ಕೆಳಗಿನ ನಂಬರಿಗೆ ಫೋನ್ ಹಚ್ಚಬೇಕು, ಆ ಕಡೆಯಿಂದ ಕನ್ನಡ ಬಲ್ಲ ನರ್ಸೊಬ್ಬರು ಎತ್ತಬೇಕು. ಅಂಥ ನರ್ಸುಗಳು ಆ ಊರುಗಳಲ್ಲಿ ಸಿಗದವರೇನಲ್ಲ.