ನಜ್ಜಾಶಿಯ ನಾಡಿನ ವಲಸಿಗರು ಮತ್ತು ನ್ಯಾಯದ ಹೊಣೆ

ಪ್ರವಾದಿತ್ವದ ಐದನೆಯ ವರ್ಷ, ಅಂದರೆ ಕ್ರಿ.ಶ. 615ರ ಸುಮಾರಿಗೆ, ಮಕ್ಕಾದ ಹಿಂಸೆಯಿಂದ ಬಸವಳಿದ ಮುಸ್ಲಿಮರ ಒಂದು ಪುಟ್ಟ ತಂಡವು ಕೆಂಪು ಸಮುದ್ರವನ್ನು ದಾಟಿ ಹಬಶಾ ನಾಡನ್ನು ಸೇರಿತು. ಅಲ್ಲಿನ ಅರಸನ ಆಳ್ವಿಕೆಯಲ್ಲಿ ಯಾರಿಗೂ ಅನ್ಯಾಯವಾಗುವುದಿಲ್ಲವೆಂಬ ಭರವಸೆಯಿಂದ ಪ್ರವಾದಿವರ್ಯರೇ(ಸ) ಅವರನ್ನು ಕಳುಹಿಸಿದ್ದರು. ಅವರನ್ನು ಮರಳಿ ಒಪ್ಪಿಸಬೇಕೆಂದು ಕೇಳಲು ಕುರೈಶರ ದೂತರು ಉಡುಗೊರೆಗಳೊಂದಿಗೆ ಬಂದಾಗ, ಆಶ್ರಿತರ ಮಾತನ್ನು ಕೇಳದೆ ತೀರ್ಪು ನೀಡಲು ನಜ್ಜಾಶಿ ದೊರೆಯು ಒಪ್ಪಲಿಲ್ಲ. ಆಶ್ರಿತರ ಪರವಾಗಿ ಮಾತನಾಡಿದವರು ಜಅಫರ್ ಬಿನ್ ಅಬೀತಾಲಿಬ್(ರ). ಮರುದಿನ, ಈಸಾ(ಅ)ರ ಬಗ್ಗೆ ನಿಮ್ಮ ನಂಬಿಕೆಯೇನು ಎಂಬ ಪ್ರಶ್ನೆ ಎದುರಾಯಿತು. ಕೇಳುತ್ತಿದ್ದವನು ಕ್ರೈಸ್ತ ದೊರೆ. ಉತ್ತರವು ಅವನಿಗೆ ಹಿಡಿಸದಿದ್ದರೆ ಆಶ್ರಯವೇ ತಪ್ಪಿಹೋಗುವ ಸಂಭವವಿತ್ತು. ಆದರೂ ಆಶ್ರಯದ ಆಸೆಗಾಗಿ ಅವರು ಸತ್ಯವನ್ನು ಬದಲಿಸಲಿಲ್ಲ.

ಈ ಘಟನೆಯನ್ನು ನಾವೆಲ್ಲ ಮದ್ರಸದ ದಿನಗಳಿಂದಲೂ ಕೇಳುತ್ತಾ ಬಂದಿದ್ದೇವೆ. ಆದರೆ ಇಸ್ಲಾಮಿನ ಮೊದಲ ವಲಸಿಗರಿಗೆ ಬಾಗಿಲು ತೆರೆದ ಅದೇ ನಾಡಿನ ಮಕ್ಕಳು ಇಂದು ತಾವೇ ಅನ್ಯರ ಬಾಗಿಲಲ್ಲಿ ನಿಂತಿರುವುದನ್ನು ಗಮನಿಸಿದವರು ಕಡಿಮೆ. 1974ರಲ್ಲಿ ಚಕ್ರವರ್ತಿ ಹೈಲೆ ಸೆಲಾಸಿಯವರನ್ನು ಕೆಳಗಿಳಿಸಿದ ಡೆರ್ಗ್ ಎಂಬ ಸೈನಿಕ ಕೂಟದ ಕ್ರೂರ ಆಡಳಿತ, 1984–85ರ ಘೋರ ಕ್ಷಾಮ, 1991ರ ನಂತರ ಬಂದ ಏಕಪಕ್ಷ ಪ್ರಾಬಲ್ಯದ ದಬ್ಬಾಳಿಕೆ, ಇವೆಲ್ಲವೂ ಇಥಿಯೋಪಿಯದ ಜನರನ್ನು ತಂಡತಂಡವಾಗಿ ದೇಶದಿಂದ ಹೊರಗಟ್ಟಿದವು. ವಾಷಿಂಗ್ಟನ್, ಮಿನಿಯಾಪೊಲಿಸ್, ಟೊರೊಂಟೊ, ಲಂಡನ್ ನಗರಗಳಲ್ಲಿ ಅವರ ದೊಡ್ಡ ಸಮುದಾಯಗಳು ಬೆಳೆದಿವೆ. ಕೆಂಪು ಸಮುದ್ರದ ಈಚೆಗೆ, ಸೌದಿ ಅರೇಬಿಯ ಮತ್ತು ಲೆಬನಾನ್‌ಗಳಲ್ಲಿ ಲಕ್ಷಾಂತರ ಮಂದಿ ಮನೆಗೆಲಸದವರಾಗಿ, ಕೂಲಿಗಳಾಗಿ ದುಡಿಯುತ್ತಿದ್ದಾರೆ.

ತಾಯ್ನಾಡಿನಲ್ಲಿ ನ್ಯಾಯವು ನೆಲೆಗೊಳ್ಳಲು ಇವರು ಏನು ಮಾಡಬಹುದು? ಏನನ್ನು ಮಾಡಬಾರದು? ಈ ಪ್ರಶ್ನೆಗೆ ಇಥಿಯೋಪಿಯದ ಇತ್ತೀಚಿನ ಇತಿಹಾಸವೇ ಸ್ಪಷ್ಟ ಉತ್ತರ ನೀಡುತ್ತದೆ ಎಂಬುದು ನಮ್ಮ ಅಭಿಪ್ರಾಯ. ಬದಲಾವಣೆಯ ಬೆಲೆಯನ್ನು ತೆರುವವರು ಒಳಗಿರುವವರು. ಆದ್ದರಿಂದ ದಾರಿಯನ್ನು ನಿರ್ಧರಿಸುವ ಹಕ್ಕೂ ಅವರದೇ. ಹೊರಗಿರುವವರ ಕೆಲಸ ಅವರ ದನಿಗೆ ಬಲವಾಗುವುದು, ಎಲ್ಲ ಪೀಡಿತರ ಪರವಾಗಿ ಸಾಕ್ಷಿ ನುಡಿಯುವುದು.

ಈ ಮಾತಿಗೆ ಎರಡು ನಿದರ್ಶನಗಳನ್ನು ನೋಡೋಣ. ಮೊದಲನೆಯದು ಅಲ್ಲಿನ ಮುಸ್ಲಿಮರದು. 2007ರ ಜನಗಣತಿಯಂತೆ ಇಥಿಯೋಪಿಯದ ಜನರಲ್ಲಿ ಸುಮಾರು ಮೂರನೆಯ ಒಂದು ಭಾಗ ಮುಸ್ಲಿಮರು. ಆದರೂ ಅವರ ಸರ್ವೋಚ್ಚ ಮಂಡಳಿಯಾದ ಮಜ್ಲಿಸ್ ಸರಕಾರದ ಹಿಡಿತದಲ್ಲಿತ್ತು. 2011ರ ಕೊನೆಯಲ್ಲಿ ರಾಜಧಾನಿ ಅದ್ದಿಸ್ ಅಬಾಬಾದ ಅವೋಲಿಯಾ ವಿದ್ಯಾಸಂಸ್ಥೆಯಲ್ಲಿ ಸರಕಾರದ ಹಸ್ತಕ್ಷೇಪವಾದಾಗ ವಿದ್ಯಾರ್ಥಿಗಳು ಪ್ರತಿಭಟನೆಗಿಳಿದರು. 2012ರಲ್ಲಿ ಅದು 'ನಮ್ಮ ದನಿ ಕೇಳಲಿ' ಎಂಬ ಅರ್ಥದ ಹೆಸರಿನ ದೇಶವ್ಯಾಪಿ ಚಳವಳಿಯಾಯಿತು. ಬೇಡಿಕೆಗಳು ಸರಳವಾಗಿದ್ದವು. ಮಜ್ಲಿಸ್‌ಗೆ ಮುಕ್ತ ಚುನಾವಣೆ ನಡೆಯಲಿ, ಅವೋಲಿಯಾವನ್ನು ಸಮುದಾಯಕ್ಕೆ ಮರಳಿಸಲಿ, ಸರಕಾರವು ಒಂದು ನಿರ್ದಿಷ್ಟ ಧಾರ್ಮಿಕ ಪಂಥವನ್ನು ನಮ್ಮ ಮೇಲೆ ಹೇರದಿರಲಿ. ಪ್ರತಿ ಶುಕ್ರವಾರ ಜುಮಾ ನಮಾಝಿನ ನಂತರ ಜನರು ಸೇರುತ್ತಿದ್ದರು. ಕೈಯಲ್ಲಿ ಕಾಗದದ ಹಾಳೆ ಎತ್ತಿ ಹಿಡಿಯುತ್ತಿದ್ದರು, ಕೆಲವೊಮ್ಮೆ ಮೌನವಾಗಿಯೇ ನಿಲ್ಲುತ್ತಿದ್ದರು. ಸರಕಾರದೊಂದಿಗೆ ಮಾತುಕತೆಗೆಂದು ಸಮುದಾಯವು ಆರಿಸಿದ ಸಮಿತಿಯ ಸದಸ್ಯರನ್ನು 2012ರ ಜುಲೈಯಲ್ಲಿ ಬಂಧಿಸಲಾಯಿತು. 2015ರಲ್ಲಿ ಭಯೋತ್ಪಾದನಾ ವಿರೋಧಿ ಕಾನೂನಿನಡಿ 7ರಿಂದ 22 ವರ್ಷಗಳ ಸಜೆ ವಿಧಿಸಲಾಯಿತು.

ಆ ದಿನಗಳಲ್ಲಿ ಅಮೆರಿಕ ಮತ್ತು ಯುರೋಪಿನಲ್ಲಿದ್ದ ಇಥಿಯೋಪಿಯನ್ ಮುಸ್ಲಿಮರು ಬೀದಿಗಿಳಿದರು, ರಾಯಭಾರ ಕಚೇರಿಗಳ ಮುಂದೆ ನಿಂತರು, ದೇಶದೊಳಗೆ ಪ್ರಸಾರವಾಗದ ಸುದ್ದಿಯನ್ನು ಜಗತ್ತಿಗೆ ತಲುಪಿಸಿದರು. ಗಮನಿಸಬೇಕಾದ ಅಂಶವೆಂದರೆ, ಅವರು ಹೊತ್ತು ನಡೆದದ್ದು ಅದ್ದಿಸ್ ಅಬಾಬಾದ ಜನರ ಅವೇ ಬೇಡಿಕೆಗಳನ್ನು. ಸೆರೆಯಲ್ಲಿದ್ದವರಲ್ಲಿ ಹಲವರು 2016ರಲ್ಲಿ, ಉಳಿದವರು 2018ರಲ್ಲಿ ಬಿಡುಗಡೆಯಾದರು. 2020ರಲ್ಲಿ ಇಸ್ಲಾಮಿಕ್ ಮಂಡಳಿಗೆ ಕಾನೂನಿನ ಮಾನ್ಯತೆಯೂ ದೊರೆಯಿತು. ತಾಳ್ಮೆ ಒಳಗಿನವರದಾಗಿತ್ತು, ದನಿಯನ್ನು ದೂರಕ್ಕೆ ಒಯ್ದವರು ಹೊರಗಿನವರು.

ಎರಡನೆಯ ನಿದರ್ಶನ ನೋವಿನದು. 2005ರ ಮೇ ತಿಂಗಳ ಚುನಾವಣೆಯ ಫಲಿತಾಂಶ ವಿವಾದಕ್ಕೀಡಾಗಿ, ಪ್ರತಿಭಟಿಸಿದವರ ಮೇಲೆ ಗುಂಡು ಹಾರಿಸಲಾಯಿತು. ತನಿಖಾ ಆಯೋಗವು ಎಣಿಸಿದಂತೆ ಸತ್ತ ನಾಗರಿಕರು 193. ವಿರೋಧ ಪಕ್ಷಗಳ ಒಕ್ಕೂಟಕ್ಕೆ ಹೊರದೇಶಗಳಿಂದ ಅಪಾರ ಹಣ ಹರಿದಿತ್ತು. ಆದರೆ ನಾಯಕರು ಜೈಲಿನಲ್ಲಿದ್ದಾಗಲೇ ವಿದೇಶಗಳ ಬೆಂಬಲ ಸಮಿತಿಗಳು ತಮ್ಮತಮ್ಮೊಳಗೆ ಕಚ್ಚಾಡಿಕೊಂಡವು. 2007ರಲ್ಲಿ ನಾಯಕರು ಬಿಡುಗಡೆಯಾಗಿ ಬರುವಷ್ಟರಲ್ಲಿ ಒಕ್ಕೂಟವೇ ಒಡೆದುಹೋಗುತ್ತಿತ್ತು.

ನಂತರದ ವರ್ಷಗಳಲ್ಲಿ ದೇಶದೊಳಗಿನ ಬಾಗಿಲುಗಳು ಇನ್ನಷ್ಟು ಮುಚ್ಚಿದವು. 2009ರ ಕಾನೂನೊಂದು, ತನ್ನ ಹಣದಲ್ಲಿ ಶೇ. 10ಕ್ಕಿಂತ ಹೆಚ್ಚನ್ನು ಹೊರದೇಶದಿಂದ ಪಡೆಯುವ ಸಂಸ್ಥೆಯು ಮಾನವ ಹಕ್ಕುಗಳ ಕೆಲಸ ಮಾಡುವಂತಿಲ್ಲವೆಂದು ವಿಧಿಸಿತು. ಹಾಗಾಗಿ 2010ರಲ್ಲಿ ಇಸಾಟ್, 2014ರಲ್ಲಿ ಒರೊಮಿಯಾ ಮೀಡಿಯಾ ನೆಟ್‌ವರ್ಕ್ ಮುಂತಾದ ಉಪಗ್ರಹ ವಾಹಿನಿಗಳು ಪರದೇಶದಲ್ಲಿ ಹುಟ್ಟಿಕೊಂಡವು. 2014ರಿಂದ ಒರೊಮೊ ಯುವಕರು, ಆನಂತರ ಅಮ್ಹಾರಾ ನಗರಗಳ ಜನರು ಬೀದಿಗಿಳಿದಾಗ ಈ ವಾಹಿನಿಗಳೇ ಅವರ ಕಣ್ಣು ಕಿವಿಗಳಾದವು. ಅನಿವಾಸಿಗಳ ಸತತ ಒತ್ತಾಯದಿಂದ 2018ರ ಏಪ್ರಿಲ್‌ನಲ್ಲಿ ಅಮೆರಿಕದ ಜನಪ್ರತಿನಿಧಿ ಸಭೆಯು ಇಥಿಯೋಪಿಯದ ಮಾನವ ಹಕ್ಕುಗಳ ಬಗ್ಗೆ ಗೊತ್ತುವಳಿ ಅಂಗೀಕರಿಸಿತು. ಅದೇ ತಿಂಗಳು ಅಬಿಯ್ ಅಹ್ಮದ್ ಪ್ರಧಾನಿಯಾದರು, ಕೈದಿಗಳು ಬಿಡುಗಡೆಯಾದರು, ದೇಶಭ್ರಷ್ಟರು ಊರಿಗೆ ಮರಳಿದರು. ಇದರಲ್ಲಿ ಅನಿವಾಸಿಗಳ ಪಾಲನ್ನು ಯಾರೂ ಅಲ್ಲಗಳೆಯಲಾರರು.

ಆದರೆ ಸಮಾನ ಶತ್ರು ಮರೆಯಾದೊಡನೆ ನಾಲಗೆಗಳು ಪರಸ್ಪರರತ್ತ ತಿರುಗಿದವು. 2020ರ ಜೂನ್‌ನಲ್ಲಿ ಒರೊಮೊ ಗಾಯಕ ಹಚಾಲು ಹುಂಡೆಸ್ಸಾರ ಕೊಲೆಯ ನಂತರ ನೂರಕ್ಕೂ ಹೆಚ್ಚು ಜನ ಬಲಿಯಾದ ಹಿಂಸೆ ನಡೆಯಿತು. ಆ ಹೊತ್ತಿನಲ್ಲಿ ಸಾವಿರಾರು ಮೈಲಿ ದೂರದಿಂದ ಮೊಬೈಲ್ ಮುಂದೆ ಕುಳಿತು ಕೋಪ ಉಗುಳಿದವರಿಗೆ ಕೊರತೆಯಿರಲಿಲ್ಲ. ಅದೇ ವರ್ಷದ ನವೆಂಬರ್‌ನಲ್ಲಿ ಟಿಗ್ರೇ ಪ್ರಾಂತದಲ್ಲಿ ಯುದ್ಧ ಆರಂಭವಾಯಿತು. 2022ರ ನವೆಂಬರ್ 2ರಂದು ಪ್ರಿಟೋರಿಯಾದಲ್ಲಿ ಒಪ್ಪಂದವಾಗುವವರೆಗೆ ಎರಡು ವರ್ಷ ನಡೆದ ಆ ಯುದ್ಧದಲ್ಲಿ ಲಕ್ಷಗಟ್ಟಲೆ ಜನ ಸತ್ತಿರಬಹುದೆಂಬ ಅಂದಾಜುಗಳಿವೆ. ನೆಗಾಶ್ ಊರಿನ ಅಲ್-ನಜ್ಜಾಶಿ ಮಸೀದಿಯೂ ಅದರಲ್ಲಿ ಹಾನಿಗೊಳಗಾಯಿತು. ಮೊದಲ ಹಿಜ್‌ರಾದ ನೆನಪನ್ನು ಹೊತ್ತ, ಸಹಾಬಿಗಳಲ್ಲಿ ಕೆಲವರು ಅಲ್ಲಿ ಮಣ್ಣಾಗಿದ್ದಾರೆಂದು ಸ್ಥಳೀಯರು ನಂಬುವ ಜಾಗವದು. ಇತ್ತ ಪಾಶ್ಚಾತ್ಯ ರಾಜಧಾನಿಗಳಲ್ಲಿ ಒಂದೇ ದೇಶದ ಮಕ್ಕಳು ಎರಡು ಗುಂಪುಗಳಾಗಿ ಮೆರವಣಿಗೆ ನಡೆಸಿದರು. ಒಬ್ಬರು ಟಿಗ್ರೇಯ ಹತ್ಯಾಕಾಂಡ ನಿಲ್ಲಲಿ ಎಂದರು, ಇನ್ನೊಬ್ಬರು ವಿದೇಶಿ ಹಸ್ತಕ್ಷೇಪ ಸಾಕು ಎಂದರು. ಎದುರು ಬದಿಯವರ ತಾಯಂದಿರ ಕಣ್ಣೀರನ್ನು ಕಂಡವರು ಎಷ್ಟು ಮಂದಿ?

ನಾವು ಎಚ್ಚರದಿಂದ ನೋಡಬೇಕಾದುದು ಇಲ್ಲಿಯೇ. ತನ್ನ ಜನರನ್ನು ಪ್ರೀತಿಸುವುದು ತಪ್ಪಲ್ಲ. ಅನ್ಯಾಯದಲ್ಲೂ ಅವರ ಬೆನ್ನಿಗೆ ನಿಲ್ಲುವುದು ಅಸಬಿಯ್ಯತ್, ಅಂದರೆ ಕುಲಾಭಿಮಾನದ ಕುರುಡು. ಸ್ವಂತಕ್ಕೆ, ಹೆತ್ತವರಿಗೆ ವಿರುದ್ಧವಾದರೂ ಸರಿಯೇ ನ್ಯಾಯದ ಪರವಾಗಿ ಸಾಕ್ಷಿ ನುಡಿಯಬೇಕೆಂಬುದು, ಒಂದು ಜನಾಂಗದ ಮೇಲಿನ ದ್ವೇಷವು ನಮ್ಮನ್ನು ಅನ್ಯಾಯಕ್ಕೆ ಎಳೆಯಬಾರದೆಂಬುದು ಪವಿತ್ರ ಕುರ್‌ಆನಿನ ಶಿಕ್ಷಣ. ಒರೊಮೊ ಸತ್ತಾಗ ಒರೊಮೊ, ಅಮ್ಹಾರಾ ಸತ್ತಾಗ ಅಮ್ಹಾರಾ, ಟಿಗ್ರೇಯವ ಸತ್ತಾಗ ಟಿಗ್ರೇಯವ ಮಾತ್ರ ಅಳುವುದಾದರೆ ಆಶ್ರಯ ನೀಡಿದ ದೇಶಗಳ ಸಂಸದರು ಯಾರ ಮಾತನ್ನು ನಂಬಿಯಾರು? ಜಅಫರ್(ರ) ನಜ್ಜಾಶಿಯ ಆಸ್ಥಾನದಲ್ಲಿ ಗೆದ್ದದ್ದು ಅನನುಕೂಲವಾದ ಸತ್ಯವನ್ನೂ ಮುಚ್ಚಿಡದ ಕಾರಣಕ್ಕೆ.

ಹಾಗಾದರೆ ಅನಿವಾಸಿಗಳು ಕೈಕಟ್ಟಿ ಕೂರಬೇಕೇ, ಒಳಗಿರುವ ಪತ್ರಕರ್ತರು ಜೈಲು ಸೇರುವಾಗ ಹೊರಗಿನವರೂ ಮೌನವಾದರೆ ಮಾತನಾಡುವವರು ಯಾರು ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. 2023ರಿಂದ ಅಮ್ಹಾರಾ ಪ್ರಾಂತವೂ ಸಂಘರ್ಷದಲ್ಲಿ ಬೇಯುತ್ತಿರುವಾಗ ಮೌನವು ಅಪರಾಧವೇ ಸರಿ. ನಾವು ಹೇಳುವುದು ಮೌನವಾಗಿರಿ ಎಂದಲ್ಲ. ಸುದ್ದಿ ಬಂದರೆ ಮೊದಲು ಪರಿಶೀಲಿಸಿ, ಆಮೇಲೆ ಹಂಚಿ. ಹಳೆಯ ಚಿತ್ರವೊಂದು ಹೊಸ ಹತ್ಯೆಗೆ ಕಾರಣವಾಗಬಹುದು. ಅದನ್ನು ಹಂಚಿದವನು ಹೊರದೇಶದಲ್ಲಿ ನೆಮ್ಮದಿಯಿಂದ ನಿದ್ರಿಸುತ್ತಾನೆ, ಬೆಂಕಿ ಬೀಳುವುದು ಹಳ್ಳಿಯ ಬಡವನ ಮನೆಗೆ.

ಹಣದ ವಿಷಯದಲ್ಲೂ ಹಾಗೆಯೇ. 2018ರ ಜುಲೈಯಲ್ಲಿ ದಿನಕ್ಕೊಂದು ಡಾಲರ್ ನೀಡಿ ಎಂದು ಸರಕಾರವು ಅನಿವಾಸಿಗಳನ್ನು ಕೇಳಿತು. ಅದಕ್ಕೆ ಕೆಲವೇ ತಿಂಗಳ ಮೊದಲು, ಸರಕಾರಕ್ಕೆ ವಿದೇಶಿ ವಿನಿಮಯ ಸಿಗದಂತೆ ಊರಿಗೆ ಹಣ ಕಳುಹಿಸಬೇಡಿ ಎಂಬ ಕರೆಯೂ ಅನಿವಾಸಿಗಳಿಂದಲೇ ಬಂದಿತ್ತು. ನಮ್ಮ ದೃಷ್ಟಿಯಲ್ಲಿ ಸಂಗ್ರಹಿಸಿದ ಹಣ ಒಂದು ಅಮಾನತ್. ಅದು ಬಂದೂಕಿಗೆ ಹೋಗಬಾರದು, ತಾಯಿಯ ಔಷಧಿಯನ್ನೂ ತಡೆಯಬಾರದು. ಸೆರೆಯಲ್ಲಿರುವವರ ಮನೆಗಳಿಗೆ, ಅವರ ವಕೀಲರಿಗೆ, ನಿರಾಶ್ರಿತರ ಶಿಬಿರಗಳಿಗೆ, ಯುದ್ಧದಲ್ಲಿ ಹಾಳಾದ ಶಾಲೆ ಆಸ್ಪತ್ರೆಗಳಿಗೆ ಅದು ತಲುಪಲಿ. ಲೆಕ್ಕ ಎಲ್ಲರ ಮುಂದಿರಲಿ.

ಇನ್ನೊಂದು ವಾಸ್ತವವನ್ನೂ ಒಪ್ಪಿಕೊಳ್ಳಬೇಕು. ಇಥಿಯೋಪಿಯವು ಇಬ್ಬಗೆಯ ಪೌರತ್ವವನ್ನು ಮಾನ್ಯ ಮಾಡುವುದಿಲ್ಲ. 2002ರ ಕಾನೂನಿನಂತೆ ದೊರೆಯುವ, 'ಹಳದಿ ಕಾರ್ಡ್' ಎಂದೇ ಕರೆಯಲ್ಪಡುವ ಮೂಲನಿವಾಸಿ ಗುರುತುಪತ್ರವು ವೀಸಾ ಇಲ್ಲದೆ ಬಂದು ನೆಲೆಸಲು, ದುಡಿಯಲು, ಬಂಡವಾಳ ಹೂಡಲು ಅವಕಾಶ ಕೊಡುತ್ತದೆ. ಮತ ಹಾಕುವ ಹಕ್ಕನ್ನು ಕೊಡುವುದಿಲ್ಲ. ಆದ್ದರಿಂದ ಪರದೇಶದ ಪೌರತ್ವ ಪಡೆದವರ ರಾಜಕೀಯ ಬಲವಿರುವುದು ಅವರು ಮತ ಹಾಕುವ ದೇಶದಲ್ಲಿ. ಅಲ್ಲಿನ ಪ್ರತಿನಿಧಿಗಳನ್ನು ಪ್ರಶ್ನಿಸಲಿ, ನೆರವು ಮತ್ತು ಶಸ್ತ್ರಾಸ್ತ್ರಗಳ ಲೆಕ್ಕ ಕೇಳಲಿ.

ಅನಿವಾಸಿಗಳೆಂದರೆ ವಾಷಿಂಗ್ಟನ್ನಿನ ವಿದ್ಯಾವಂತರು ಮಾತ್ರವಲ್ಲ ಎಂಬುದನ್ನೂ ಮರೆಯಬಾರದು. 2013ರ ಕೊನೆಯಲ್ಲಿ ಸೌದಿ ಅರೇಬಿಯದಿಂದ ಕೆಲವೇ ತಿಂಗಳಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಇಥಿಯೋಪಿಯನ್ನರನ್ನು ಹೊರಹಾಕಲಾಯಿತು. 2020ರಲ್ಲಿ ಬೈರೂತ್‌ನಲ್ಲಿ ಮನೆಗೆಲಸದ ಹೆಣ್ಣುಮಕ್ಕಳನ್ನು ಸಂಬಳವಿಲ್ಲದೆ ಕಾನ್ಸುಲೇಟ್‌ನ ಬಾಗಿಲಲ್ಲಿ ಬಿಟ್ಟುಹೋದ ಯಜಮಾನರಿದ್ದರು. ಇವರ ಪರ ದನಿಯೆತ್ತದ ಹೋರಾಟವು ಊರಿನ ನ್ಯಾಯದ ಬಗ್ಗೆ ಮಾತನಾಡಲು ಯಾವ ಅರ್ಹತೆ ಪಡೆದೀತು? ಇದನ್ನು ಬರೆಯುವಾಗ ನಮಗೂ ಸಂಕೋಚವಾಗುತ್ತದೆ, ಏಕೆಂದರೆ ಆ ಯಜಮಾನರಲ್ಲಿ ಹಲವರು ನಮ್ಮದೇ ಕಲಿಮ ಹೇಳುವವರು. ನಜ್ಜಾಶಿಯ ಉಪಕಾರಕ್ಕೆ ಅವನ ನಾಡಿನ ಹೆಣ್ಣುಮಕ್ಕಳಿಗೆ ನಾವು ಕೊಟ್ಟ ಪ್ರತಿಫಲ ಇದೇ ಆಗಬೇಕಿತ್ತೇ?

ಗಲ್ಫ್ ನಾಡುಗಳಲ್ಲಿ ದುಡಿಯುವ ನಮ್ಮ ಕರಾವಳಿಯ ಸಹೋದರರಿಗೂ ಇದರಲ್ಲಿ ಪಾಠವಿದೆ. ಊರಿನಲ್ಲಿ ಗಲಭೆಯಾದಾಗ ದೂರದಿಂದ ಕಳುಹಿಸುವ ಒಂದು ಧ್ವನಿ ಸಂದೇಶದ ಬೆಲೆಯನ್ನು ತೆರುವವರು ಊರಿನಲ್ಲಿರುವ ನಮ್ಮ ತಮ್ಮಂದಿರು. ದೂರವು ಸುರಕ್ಷಿತವಾಗಿ ಮಾತನಾಡುವ ಅವಕಾಶವನ್ನು ಕೊಡುತ್ತದೆ. ಆ ಅವಕಾಶದ ವಿಚಾರಣೆಯೂ ನಾಳೆ ಅಲ್ಲಾಹನ ಮುಂದೆ ನಡೆಯಲಿದೆ.

ಮೊದಲ ವಲಸಿಗರಿಗೆ ನೆಮ್ಮದಿಯ ತಾಣವಾದ ಆ ನಾಡು ತನ್ನ ಮಕ್ಕಳಿಗೂ ಅಂಥ ತಾಣವಾಗಲಿ. ಹೊರಗಿರುವವರ ನಾಲಗೆಯನ್ನೂ ಕೈಯನ್ನೂ ಅಲ್ಲಾಹನು ನ್ಯಾಯದ ಕಡೆಗೆ ಸ್ಥಿರಗೊಳಿಸಲಿ. ಆಮೀನ್.