ಜೋಳಕ್ಕೊಂದು ಬೇರೆ ಗಿರಣಿ

ಮಿರಜಿನ ಡಾಕ್ಟರು ನನಗೆ ಸಿಲಿಯಾಕ್, ಅಂದರೆ ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್ ಒಗ್ಗದ ಕಾಯಿಲೆ, ಎಂದಾಗ ಅತ್ತೆಯವರು, "ಚಪಾತಿ ಹೋದರ ಹೋಗಲಿ, ರೊಟ್ಟಿ ಐತಲ್ಲ" ಅಂದರು. ಖರೆ ಮಾತು. ಜೋಳ, ಸಜ್ಜೆ, ಅಕ್ಕಿಯಲ್ಲಿ ಗೋಧಿಯ ಗ್ಲುಟೆನ್ ಇಲ್ಲ. ಪ್ಯಾಟಿಯ ದುಬಾರಿ ಗ್ಲುಟೆನ್ ರಹಿತ ಹಿಟ್ಟಿನ ಪಾಕೀಟು ನಮ್ಮೂರು ಬೇಡಗದವರಿಗೆ ಬೇಕಾಗಿಲ್ಲ.

ತೊಡಕಿರುವುದು ಗಿರಣಿಯಲ್ಲಿ. ಮುಂದಿನವರ ಗೋಧಿ ಬೀಸಿದ ಕಲ್ಲಿಗೇ ನನ್ನ ಜೋಳ ಸುರಿದರೆ ಹಿಟ್ಟು ಬೆರೆಯದೆ ಇರುತ್ತದೆಯೇ? 'ಗ್ಲುಟೆನ್ ರಹಿತ' ಎಂದು ಮಾರುವ ಪದಾರ್ಥದಲ್ಲಿ ಕಿಲೋಗೆ 20 ಮಿಲಿಗ್ರಾಂ ಮೀರಬಾರದು ಎಂದು ದೇಶದ ಆಹಾರ ನಿಯಮ ಹೇಳುತ್ತದೆ. ಊರ ಗಿರಣಿಯ ಡಬ್ಬಿಯನ್ನು ಯಾರೂ ಅಳೆಯುವುದಿಲ್ಲ. ಮನೆಗಿರಣಿ ಕೊಳ್ಳುವ ತಾಕತ್ತು ಎಲ್ಲರಿಗಿಲ್ಲ. ಹೆಣ್ಣುಮಕ್ಕಳ ಬಚತ ಗಟಗಳು (ಸ್ವಸಹಾಯ ಸಂಘಗಳು) ಸಾಲ ತೆಗೆದು ಶಾವಿಗೆ ಯಂತ್ರ ತರುತ್ತವೆ. ಜೋಳ, ಸಜ್ಜೆಗಷ್ಟೇ ಒಂದು ಗಿರಣಿ ಯಾಕೆ ತರಬಾರದು? ಗ್ರಾಮ ಪಂಚಾಯಿತಿ ಜಾಗ ಕೊಡಲಿ.

ಇನ್ನೊಂದು: "ಖಪ್ಲಿ ತಿನ್ನು, ಅದು ಹಳೇ ತಳಿ, ಏನೂ ಆಗಂಗಿಲ್ಲ" ಎಂಬ ಉಪದೇಶ ನಿಲ್ಲಬೇಕು. ಖಪ್ಲಿಯೂ ಗೋಧಿಯೇ, ಗ್ಲುಟೆನ್ ಅದರಲ್ಲೂ ಉಂಟು. ಸಾರಿನ ಒಗ್ಗರಣೆಯ ಇಂಗಿನ ಡಬ್ಬಿಯನ್ನೂ ತಿರುಗಿಸಿ ಓದಿ. ಬಹಳಷ್ಟರಲ್ಲಿ ಗೋಧಿಹಿಟ್ಟು ಬೆರೆಸಿರುತ್ತಾರೆ.