ಸಣ್ಣ ಕೀಲು, ದೊಡ್ಡ ಹೊಣೆ

ತಮಿಳುನಾಡಿನ ದಿಂಡಿಗಲ್ ಪಟ್ಟಣ ಬೀಗಕ್ಕೆ ಹೆಸರುವಾಸಿ. ಕೈಯಿಂದ ಮಾಡುವ ಈ ಬೀಗಕ್ಕೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ಸನ್ನೆಬೀಗದ ಹೊಟ್ಟೆಯಲ್ಲಿ ಹಲವು ತಗಡುಗಳಿರುತ್ತವೆ. ಕೀಲಿಕೈ ಅವೆಲ್ಲವನ್ನೂ ತಕ್ಕ ಎತ್ತರಕ್ಕೆ ಎತ್ತಿದರೆ ಮಾತ್ರ ಅಗುಳಿ ಸರಿಯುತ್ತದೆ. ಒಂದು ತಗಡು ಒಪ್ಪದಿದ್ದರೂ ಬೀಗ ತೆರೆಯದು. ಒಂದರ ಕಾವಲಿಗೆ ಇನ್ನೊಂದು ಎಂಬುದೇ ಅದರ ಗುಟ್ಟು.

ದಿಂಡಿಗಲ್ಲಿನಿಂದ ಪಶ್ಚಿಮಕ್ಕೆ ಹೋದರೆ ತೇನಿ, ಅದರಾಚೆ ಕಂಬಂ ಕಣಿವೆ. ಮನೆಯಲ್ಲಿ ಕನ್ನಡ ಮಾತಾಡುವ ಒಕ್ಕಲು ಕುಟುಂಬಗಳು ತಲೆಮಾರುಗಳಿಂದ ಅಲ್ಲಿ ನೆಲೆಸಿವೆ. ಬಂಡಿ ಕಟ್ಟುವ ವಿಷಯದಲ್ಲಿ ಅಲ್ಲಿನ ರೈತನಿಗೂ ನಮ್ಮ ಊರಿನ ರೈತನಿಗೂ ತಿಳಿವಳಿಕೆ ಒಂದೇ: ಅಚ್ಚಿನ ತುದಿಗೆ ಕಡಾಣಿ ಇಲ್ಲದೆ ಬಂಡಿ ಹೊರಡಕೂಡದು. ತಮಿಳರು ಇದನ್ನು ಅಚ್ಚಾಣಿ ಎನ್ನುತ್ತಾರೆ. ಆಕಾರ ನೋಡಿ ಯಾರನ್ನೂ ಹಳಿಯಬಾರದೆಂದು ಹೇಳುವಾಗ ತಿರುವಳ್ಳುವರ್ ತೆಗೆದುಕೊಂಡ ಹೋಲಿಕೆಯೂ ದೊಡ್ಡ ತೇರಿನ ಅಚ್ಚಾಣಿಯದೇ. ನಾವು ಈಗ ಹೇಳಹೊರಟಿರುವುದು ಆಕಾಶದಲ್ಲಿ ಹಾರುವ ಬಂಡಿಯ ಕಡಾಣಿಯ ವಿಷಯ.

ವಿಮಾನ ಚಾಲಕನು ಹಿಡಿಕೆಯನ್ನು ಆಡಿಸಿದಾಗ ರೆಕ್ಕೆಯ ಅಂಚಿನಲ್ಲಿಯೂ ಬಾಲದಲ್ಲಿಯೂ ಇರುವ ಪಟ್ಟಿಗಳು ಅತ್ತಿತ್ತ ಬಾಗುತ್ತವೆ. ವಿಮಾನ ಏರುವುದು, ಇಳಿಯುವುದು, ತಿರುಗುವುದು ಇವುಗಳಿಂದಲೇ. ಈ ಚಲನೆಯನ್ನು ತಲಪಿಸುವ ಸರಳುಗಳನ್ನೂ ಸನ್ನೆಗಳನ್ನೂ ಒಂದಕ್ಕೊಂದು ಕೂಡಿಸುವುದು ಬೆರಳುದ್ದದ ಬೋಲ್ಟು, ಅದರ ತುದಿಯ ನಟ್ಟು.

ಬಿಗಿಯಾಗಿ ತಿರುಗಿಸಿದ ನಟ್ಟು ಸಡಿಲವಾಗುವುದೇಕೆ? ಬೋಲ್ಟಿನ ಸುರುಳಿ ಎಂದರೆ ಕಂಬಕ್ಕೆ ಸುತ್ತಿದ ಇಳಿಜಾರು. ನಟ್ಟು ಅದರ ಮೇಲೆ ಜಾರದಂತೆ ಹಿಡಿದಿರುವುದು ಘರ್ಷಣೆ. ಜೋಡಣೆ ಅಡ್ಡಡ್ಡವಾಗಿ ನಡುಗತೊಡಗಿದರೆ ಆ ಹಿಡಿತ ಮತ್ತೆ ಮತ್ತೆ ತಪ್ಪಿ, ಯಾರೂ ಮುಟ್ಟದೆಯೇ ನಟ್ಟು ಹಿಂದಕ್ಕೆ ತಿರುಗುತ್ತದೆ. ಇದನ್ನು ಜರ್ಮನಿಯ ಗೆರ್ಹಾರ್ಡ್ ಯುಂಕರ್ 1969ರಲ್ಲಿ ಪ್ರಯೋಗಗಳಿಂದ ವಿವರಿಸಿದರು. ವಿಮಾನದಲ್ಲಿ ನಡುಕಕ್ಕೆ ಬಿಡುವೆಲ್ಲಿ?

ಆದಕಾರಣ ಬಿಗಿಯ ಮೇಲೊಂದು ಬೀಗ ಬೇಕು. ಕೋಟೆಯ ತೆನೆಗಳಂತೆ ಕಚ್ಚುಗಳಿರುವ ನಟ್ಟನ್ನು ಹಾಕಿ, ಆ ಕಚ್ಚಿನ ಮೂಲಕ ಬೋಲ್ಟಿನ ತೂತಿಗೆ ಕಾಟರ್ ಪಿನ್ನು ತೂರಿಸಿ, ಅದರ ಕಾಲುಗಳನ್ನು ಮಡಿಸುತ್ತಾರೆ. ಕೆಲವೆಡೆ ಬೋಲ್ಟಿನ ತಲೆಗೆ ತಂತಿ ಪೋಣಿಸಿ ಹೆಣೆಯುತ್ತಾರೆ. ಬೋಲ್ಟು ಸಡಿಲವಾಗಹೊರಟರೆ ತಂತಿ ಅದನ್ನು ಬಿಗಿಯುವ ಕಡೆಗೇ ಎಳೆಯುತ್ತದೆ. ಒಳಗೆ ನೈಲಾನ್ ಬಳೆಯಿರುವ ನಟ್ಟುಗಳೂ ಉಂಟು. ಯಾವ ಬೋಲ್ಟು ಕಳಚಿದರೆ ವಿಮಾನ ಕ್ಷೇಮವಾಗಿ ಇಳಿಯಲಾರದೋ ಅದಕ್ಕೆ ಎರಡು ಪ್ರತ್ಯೇಕ ತಡೆಗಳಿರಬೇಕೆಂಬುದು ದೊಡ್ಡ ಪ್ರಯಾಣಿಕ ವಿಮಾನಗಳ ನಿಯಮ. ಬೋಲ್ಟು ತಿರುಗುವ ಜಾಗದಲ್ಲಿ ಘರ್ಷಣೆಯನ್ನೇ ನಂಬಿದ ನಟ್ಟು ಒಂದೇ ಸಾಲದು.

ನಿಯಮವಿದ್ದರೆ ಸಾಕೇ? 2000ದ ಫೆಬ್ರವರಿ 16ರಂದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಎಮೆರಿ ಸಂಸ್ಥೆಯ ಡಿಸಿ-8 ಸರಕು ವಿಮಾನ ಏರಿದ ಸ್ವಲ್ಪ ಹೊತ್ತಿನಲ್ಲಿಯೇ ಬಿದ್ದು, ಅದರಲ್ಲಿದ್ದ ಮೂವರೂ ಮಡಿದರು. ಬಾಲದ ಬಲಭಾಗದ ಪಟ್ಟಿಯೊಂದನ್ನು ಆಡಿಸುವ ಸರಳು ಕಳಚಿತ್ತು. ಅದರ ಬೋಲ್ಟನ್ನು ಸರಿಯಾಗಿ ಭದ್ರಪಡಿಸಿರಲಿಲ್ಲ, ಸರಿಯಾಗಿ ಪರೀಕ್ಷಿಸಿಯೂ ಇರಲಿಲ್ಲ ಎಂದು ತನಿಖೆ ಹೇಳಿತು. ಇದಕ್ಕೆ ಪ್ರತಿಯಾಗಿ ಇನ್ನೊಂದು ಸಂಗತಿ. 2023ರಲ್ಲಿ ಬೋಯಿಂಗ್ 737 ಮ್ಯಾಕ್ಸ್ ವಿಮಾನವೊಂದರ ಚುಕ್ಕಾಣಿಯ ಜೋಡಣೆಯಲ್ಲಿ ನಟ್ಟೇ ಇಲ್ಲದ ಬೋಲ್ಟು ಕಂಡುಬಂತು. ಕಂಡದ್ದು ವಾಡಿಕೆಯ ತಪಾಸಣೆಯಲ್ಲಿ, ನೆಲದ ಮೇಲೆ. ಕೂಡಲೇ ಆ ಮಾದರಿಯ ಎಲ್ಲ ವಿಮಾನಗಳನ್ನೂ ಪರೀಕ್ಷಿಸುವಂತೆ ಕಂಪನಿ ಸೂಚಿಸಿತು. ಎರಡು ಕಡೆಯೂ ಕೊರತೆ ಒಂದೇ ಬಗೆಯದು. ಒಂದೆಡೆ ಮೂರು ಜೀವ ಹೋಯಿತು, ಇನ್ನೊಂದೆಡೆ ಯಾರಿಗೂ ಏನೂ ಆಗಲಿಲ್ಲ. ವ್ಯತ್ಯಾಸ ಮಾಡಿದ್ದು ನೋಡಿದ ಕಣ್ಣು.

ಇಲ್ಲಿಯೇ ನಮ್ಮ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳಬಯಸುತ್ತೇವೆ. ವಿಮಾನದ ನಿಯಂತ್ರಣ ಭಾಗಗಳನ್ನು ಬಿಚ್ಚಿ ಜೋಡಿಸಿದವನ ಕೆಲಸವನ್ನು ಇನ್ನೊಬ್ಬನು ಬೇರೆಯಾಗಿ ಪರೀಕ್ಷಿಸಿ ರುಜು ಹಾಕುವ ಪದ್ಧತಿಯಿದೆ. ಮೊದಲನೆಯವನು ಅದನ್ನು ಅವಮಾನವೆಂದು ಎಣಿಸುವುದಿಲ್ಲ. ನಮ್ಮ ಮನೆ, ಶಾಲೆಗಳಲ್ಲಾದರೋ "ಇನ್ನೊಮ್ಮೆ ನೋಡು" ಎಂದರೆ ಸಾಕು, "ನನ್ನ ಮೇಲೆ ನಂಬಿಕೆಯಿಲ್ಲವೇ?" ಎಂಬ ಪ್ರಶ್ನೆ ಹುಟ್ಟುತ್ತದೆ. ಅನುಭವಸ್ಥನಿಗೆ ತಪಾಸಣೆ ಏಕೆ ಎಂದು ಕೇಳುವವರೂ ಇದ್ದಾರೆ. ಅನುಭವಸ್ಥನಿಗೂ ರಾತ್ರಿ ಪಾಳಿಯಲ್ಲಿ ನಿದ್ದೆ ಬರುತ್ತದೆ, ಮನೆಯ ಚಿಂತೆ ಕಾಡುತ್ತದೆ, ಅರ್ಧ ಕೆಲಸದಲ್ಲಿ ಯಾರೋ ಕರೆಯುತ್ತಾರೆ. ಮರೆವು ಕೆಟ್ಟವರಿಗೆ ಮಾತ್ರ ಬರುವ ರೋಗವಲ್ಲ. ಕಾಟರ್ ಪಿನ್ನು ನಟ್ಟಿಗೆ ಹೇಗೋ, ಎರಡನೆಯ ಕಣ್ಣು ಮನುಷ್ಯನಿಗೆ ಹಾಗೆ.

ಪಾಲಕರಲ್ಲಿ ಒಂದು ಬಿನ್ನಹ. ಮಗನೋ ಮಗಳೋ ಐಟಿಐ ಸೇರಿ ಸ್ಪ್ಯಾನರ್ ಹಿಡಿಯುತ್ತೇನೆಂದರೆ ಮುಖ ಸಿಂಡರಿಸಬೇಡಿರಿ. 1940ರಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಆರಂಭವಾದಂದಿನಿಂದ ಇಂದಿನವರೆಗೆ ಅಲ್ಲಿನ ವಿಮಾನಗಳು ಹಾರಿರುವುದು ಇಂಜಿನಿಯರರ ನಕ್ಷೆಯಿಂದಷ್ಟೇ ಅಲ್ಲ, ನಟ್ಟು ಬಿಗಿದು ಪಿನ್ನು ಮಡಿಸಿದ ಕೈಗಳಿಂದಲೂ ಹೌದು.

ವಿದ್ಯಾರ್ಥಿ ಮಿತ್ರರೇ, ನಿಮ್ಮ ಸೈಕಲ್ಲಿನ ಗಾಲಿಯ ನಟ್ಟು, ಬ್ರೇಕಿನ ತಿರುಪುಗಳನ್ನು ವಾರಕ್ಕೊಮ್ಮೆ ನೀವೇ ನೋಡಿರಿ. ಬಳಿಕ ಗೆಳೆಯನಿಗೂ ತೋರಿಸಿರಿ. ಪ್ರಯೋಗಶಾಲೆಯಲ್ಲಿ ಒಬ್ಬರು ಜೋಡಿಸಿದ್ದನ್ನು ಇನ್ನೊಬ್ಬರು ಪರೀಕ್ಷಿಸಿ ಹೆಸರು ಬರೆಯುವ ಪದ್ಧತಿಯನ್ನು ಬರುವ ವರ್ಷದಿಂದಲೇ ನಮ್ಮ ಶಾಲೆಯಲ್ಲಿ ಆರಂಭಿಸಬೇಕೆಂಬುದು ನಮ್ಮ ಸಲಹೆ. ಇದಕ್ಕೆ ಒಂದು ಹಳೆಯ ನೋಟ್‌ಬುಕ್ ಸಾಕು, ಖರ್ಚೇನೂ ಇಲ್ಲ. ಹೆಸರು ಬರೆಯುವಾಗ ಕೈ ಒಂದು ಕ್ಷಣ ತಡೆದು, ಕಣ್ಣು ಮತ್ತೊಮ್ಮೆ ನಟ್ಟಿನ ಕಡೆಗೆ ಹೋದರೆ ನಮ್ಮ ಉದ್ದೇಶ ಈಡೇರಿದಂತೆಯೇ.